ಸೋಮವಾರದ ಗೋಡೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಅಡಿವೆಪ್ಪಜ್ಜ ಎಂಬ ಗುರು. ಜಪಮಾಲೆ ಹಿಡಿದದ್ದಕ್ಕಿಂತ ಹೆಚ್ಚು ಕಾಲ ಮಣ್ಣು ಹಿಡಿದ ಕೈ ಅವರದು.

ಶಿಷ್ಯ ಕಲ್ಮೇಶ ಪ್ರಶ್ನೆಗಳ ಗಂಟು ಹೊತ್ತುಕೊಂಡೇ ಬಂದವನು. ಕೆಸರಿಗೆ ಹುಲ್ಲು ಯಾಕೆ? ತುಳಿಯುವ ಮುಂಚೆ ಮಣ್ಣು ಎಂಟು ದಿನ ನೆನೆದು ಕೊಳೆಯಬೇಕು ಯಾಕೆ? ಒಳಮೈ ನೇರವಿದ್ದರೂ ಗೋಡೆಯ ಬುಡ ದಪ್ಪ, ತಲೆ ಸಣ್ಣ ಯಾಕೆ?

ಅಜ್ಜ ಬಾಯಿಂದ ಉತ್ತರ ಕೊಡುವವರಲ್ಲ. ಹುಲ್ಲಿಲ್ಲದ ಒಂದು ಮುದ್ದೆ, ಹುಲ್ಲು ಬೆರೆಸಿದ ಒಂದು ಮುದ್ದೆ ಮಾಡಿ ಬಿಸಿಲಿಗಿಟ್ಟರು.

"ನಾಳೆ ಇವನ್ನ ಕೇಳು."

ಮರುದಿನ ಮೊದಲನೆಯದು ಬಾಯಿ ಬಿಟ್ಟಿತ್ತು. ಎರಡನೆಯದು ಗಟ್ಟಿಯಾಗಿ ಕೂತಿತ್ತು.

ಆ ಬೇಸಿಗೆ ಊರವರು ಸೇರಿ ಮಠಕ್ಕೆ ಒಂದು ದಾಸೋಹದ ಮನೆ ಕಟ್ಟಲು ಹೊರಟರು. ಆ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು ಸಿಕ್ಕ ದಿನ ಮನುಷ್ಯರು ಮಣ್ಣು ತುಳಿಯಲು ಬಂದರು. ಸೋಮವಾರಕ್ಕೊಂದು ವರಸೆ ಕೆಸರು ಗೋಡೆಯ ಮೇಲೆ ಏರುತ್ತಿತ್ತು, ವರಸೆಗೆ ಒಂದು ಮೊಳ ಎತ್ತರ. ಉಳಿದ ಆರು ದಿನ ಗೋಡೆ ಸುಮ್ಮನೆ ನಿಂತು ಒಣಗುತ್ತಿತ್ತು.

ದಾರ ಕಟ್ಟಿ ಇಳಿಬಿಟ್ಟು ಗೋಡೆಯ ನೇರ ನೋಡುವ ಕಂಚಿನ ಗುಂಡೊಂದು ಅಜ್ಜನ ಸೊಂಟದಲ್ಲಿ ತೂಗುತ್ತಿತ್ತು.

"ಈ ಮನಿ ಕಟ್ಟಸಾಕ ನೀನ ನಿಲ್ಲು," ಎಂದರು ಅಜ್ಜ ಕಲ್ಮೇಶನಿಗೆ. "ಸೂರು ಮುಟ್ಟೂ ಹೊತ್ತಿಗೆ ಈ ಗುಂಡು ನಿನ್ನದೋ ನಂದೋ, ನೋಡೋಣು."

ಆ ಗುಂಡು ಯಾರ ಕೈಗೆ ಬಂತೋ ಅವನು ಮೇಸ್ತ್ರಿ. ಕಲ್ಮೇಶನಿಗೆ ಬೇಕಿದ್ದದ್ದು ಅದೊಂದೇ.

"ಅಜ್ಜಾರ, ಕೆಳಗಿನ ವರಸೆ ಒಣಗೇತಿ ಅಂತ ಗೊತ್ತಾಗೋದು ಹೆಂಗ್ರಿ?"

"ಕೆನ್ನಿ ಇಟ್ಟು ನೋಡು."

"ಗೋಡಿಗೆ ಕೆನ್ನಿನಾ?"

ಅಜ್ಜ ಕೂಸಿನ ಜ್ವರ ನೋಡುವವರ ಹಾಗೆ ಗೋಡೆಗೆ ಕೆನ್ನೆ ಒತ್ತಿದರು. "ಒಳಗ ಹಸಿ ಇರೂತನಕ ತಣ್ಣಗಿರ್ತೈತಿ."

ಬುಟ್ಟಿ ಹೊತ್ತು ನಿಂತಿದ್ದ ಬಾಳವ್ವ ನಕ್ಕುಬಿಟ್ಟಳು. "ಲಗ್ನದ ವಯಸ್ಸಿನ ಹುಡುಗ. ಗೋಡಿಗೆ ಮುದ್ದು ಕೊಡು ಅಂದ್ರ ಹೆಂಗ ಕೊಟ್ಟಾನ್ರಿ ಅಜ್ಜಾರ?"

ಕಲ್ಮೇಶನ ಮುಖ ಕೆಂಪಾಯಿತು. ದಾರ ನೇರ ಇಳಿದರೆ ಸಾಕು ಎಂದುಕೊಂಡ. ಕೆನ್ನೆಯ ಮಾತು ಅಲ್ಲಿಗೇ ಬಿಟ್ಟ.

ನಾಲ್ಕು ವರಸೆ ಎದ್ದವು. ನಾಲ್ಕನೆಯದು ಎದ್ದ ಎರಡೇ ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದೂ ಯಾರೂ ನೊಗ ಹೂಡುವುದಿಲ್ಲ. ಅಜ್ಜ ಪಕ್ಕದ ಊರಿಗೆ ಹೋಗಿದ್ದರು. ಪಡುವಣದಲ್ಲಿ ಮೋಡ ಮುಖ ತೋರಿಸಿತ್ತು.

ಕಲ್ಮೇಶ ಮನೆಮನೆಗೆ ಹೋಗಿ ಜನರನ್ನು ಕರೆದು ತಂದ. ಸಂಜೆಗೆ ಐದನೆಯ ವರಸೆ ಎದ್ದು ನಿಂತಿತು.

ಬೆಳಗ್ಗೆ ನೋಡಿದರೆ, ಮೇಲಿನ ಭಾರಕ್ಕೆ ನಾಲ್ಕನೆಯ ವರಸೆ ಹೊಟ್ಟೆ ಬಿಟ್ಟಿತ್ತು. ಎರಡು ಬೆರಳಿನಷ್ಟು.

ಅವನು ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಸಲಿಕೆಯಿಂದ ಹೊಟ್ಟೆ ಹೆರೆದ. ಮೇಲೆ ತೆಳ್ಳಗೆ ಕೆಸರು ಸವರಿದ. ದಾರಕ್ಕೊಂದು ಕಲ್ಲು ಕಟ್ಟಿ ಇಳಿಬಿಟ್ಟ. ನೇರ.

ಇಳಿಹೊತ್ತಿಗೆ ಅಜ್ಜ ಬಂದರು. ಹಿಂದೆಯೇ ಬಾಳವ್ವ, ಸೊಂಟದಲ್ಲಿ ಮೊಮ್ಮಗು.

ಅಜ್ಜ ಗುಂಡು ಇಳಿಬಿಟ್ಟರು. ದಾರ ಗೋಡೆಗೆ ಅಂಟಿಸಿದ ಹಾಗೆ ನಿಂತಿತು.

"ನೆಟ್ಟಗೈತಿ."

"ಹೌದ್ರಿ."

"ಐದು ಆಗ್ಯಾವಲ್ಲ?"

"ಅಮಾಸಿಗೆ ಮಂದಿ ಖಾಲಿ ಇದ್ರು ಅಜ್ಜಾರ."

ಅಜ್ಜ ದಾರ ಸುತ್ತಿ, ಗುಂಡನ್ನು ಅವನ ಅಂಗೈಯಲ್ಲಿಟ್ಟರು. ಕಲ್ಮೇಶ ಬೆರಳು ಮಡಚಿದ. ಅಂದುಕೊಂಡದ್ದಕ್ಕಿಂತ ಭಾರವಿತ್ತು.

"ಬಾಳವ್ವಾ, ಬಿಸಿಲು ಬಾಳ ಐತಿ. ಕೂಸಿಗೆ ಈ ಗೋಡಿ ನೆರಳಾಗ ಕೌದಿ ಹಾಸು."

ಬಾಳವ್ವ ಗೋಡೆಯ ಬುಡಕ್ಕೆ ಕೌದಿ ಹಾಸಿ ಮಗುವನ್ನು ಮಲಗಿಸಿದಳು.

ಕಲ್ಮೇಶ ಗೋಡೆ ನೋಡಿದ. ಮಗುವನ್ನು ನೋಡಿದ. ಒಂದೇ ಜಿಗಿತಕ್ಕೆ ಹೋಗಿ ಮಗುವನ್ನು ಬಾಚಿ ಎತ್ತಿಕೊಂಡ.

"ಯಾಕೋ ತಮ್ಮಾ, ನಿನ್ನ ಗೋಡಿ ನೆರಳಿಗೂ ಸುಂಕ ಐತೇನು?" ಎಂದಳು ಬಾಳವ್ವ.

"ಇಲ್ಲಿ ಬ್ಯಾಡ ಯವ್ವಾ."

"ಗುಂಡು ನೆಟ್ಟಗೈತಿ ಅಂತೈತಲ್ಲ," ಎಂದರು ಅಜ್ಜ.

"ಗುಂಡಿಗೆ ಗೊತ್ತಿಲ್ರಿ."

"ಮತ್ಯಾರಿಗೆ ಗೊತ್ತೈತಿ?"

ಮಗು ಅವನ ಕಿವಿ ಹಿಡಿದು ಎಳೆಯುತ್ತಿತ್ತು.

"ನನಗ್ರಿ. ಹೊಟ್ಟಿ ಬಿಟ್ಟಿತ್ತು. ಹೆರದು ಮುಚ್ಚೀನಿ."

ಅಜ್ಜ ಕೈ ಚಾಚಿದರು. ಗುಂಡು ಮತ್ತೆ ಅವರ ಸೊಂಟ ಸೇರಿತು.

"ಎರಡು ವರಸೆ ಇಳಸು. ಮಣ್ಣು ಎಲ್ಲಿಗೂ ಹೋಗೂದಿಲ್ಲ. ನೀರು ಹಾಕಿದ್ರ ಮತ್ತ ಕೆಸರು."

"ಮಂದಿಗೆ ಏನು ಹೇಳ್ಲಿ ಅಜ್ಜಾರ?"

"ಅದನ್ನ ಮಣ್ಣಿಗೆ ಕೇಳಬ್ಯಾಡ."

ಸೋಮವಾರ ನಲವತ್ತು ಜನ ಬಂದರು. ಗೋಡೆ ಮೂರು ಮೊಳಕ್ಕೆ ಇಳಿದಿತ್ತು.

"ಏನಪಾ, ಗೋಡಿ ಆಡು ಮೇದ್ವೇನು?" ಎಂದರು ಊರ ಹಿರಿಯ ಶಿವನಗೌಡರು.

"ಆಡು ಅಲ್ರಿ ಗೌಡ್ರ. ನಾನ ಕೆಡವೀನಿ. ಅಮಾಸಿ ದಿನ ಅವಸರ ಮಾಡಿದವನೂ ನಾನ. ಗೋಡಿ ಉಬ್ಬಿದ್ದನ್ನ ಮುಚ್ಚಿದವನೂ ನಾನ."

ಬಂದ ದಾರಿಯನ್ನು ಒಬ್ಬಿಬ್ಬರು ತಿರುಗಿ ನೋಡಿದರು.

ಬಾಳವ್ವ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. "ಮೊದಲು ಮಣ್ಣು ತುಳಿಯೋಣು ಬರ್ರಿ. ಹುಡುಗನ್ನ ಆಮ್ಯಾಲ ತುಳದ್ರಾತು."

ಅಂದು ನಾಲ್ಕನೆಯ ವರಸೆ ಮತ್ತೆ ಎದ್ದಿತು. ಆದರೆ ಆ ವಾರವಿಡೀ ಬಿಸಿಲೇ ಬೀಳಲಿಲ್ಲ.

ಮುಂದಿನ ಸೋಮವಾರ ಮೋಡ ನದಿಯ ಆಚೆ ದಂಡೆಗೆ ಬಂದು ನಿಂತಿತ್ತು. ಈಚೆ ದಂಡೆಯಲ್ಲಿ ನಲವತ್ತು ಜನ ಬುಟ್ಟಿ ಹಿಡಿದು ನಿಂತಿದ್ದರು.

ಕಲ್ಮೇಶ ಎಲ್ಲರೆದುರಿಗೆ ಗೋಡೆಗೆ ಕೆನ್ನೆ ಇಟ್ಟ. ಈ ತುದಿಗೆ, ನಡುವಿಗೆ, ಆ ತುದಿಗೆ. ಯಾರೋ ಕಿಸಕ್ಕನೆ ನಕ್ಕರು. ಅವನು ಕಣ್ಣು ತೆರೆಯಲಿಲ್ಲ.

"ಇನ್ನೂ ತಣ್ಣಗೈತಿ," ಎಂದ. "ಇವತ್ತು ಬ್ಯಾಡ. ಜೋಳದ ಕಣಿಕಿ ಹೊದಿಸಿ ಹೋಗೋಣು. ಬರೂ ಸೋಮವಾರ ಬರ್ರಿ."

"ಮಳಿ ತಲಿ ಮ್ಯಾಲ ಬಂದೈತೋ!" ಗೌಡರ ದನಿ ಏರಿತು. "ನಲವತ್ತು ಮಂದಿ ಕೆಲಸ ಬಿಟ್ಟು ಬಂದೀವಿ!"

"ಆ ನಲವತ್ತು ಮಂದೀನ ಇದರ ಬುಡಕ್ಕ ಕುಂತು ಉಣ್ಣವ್ರು ಗೌಡ್ರ. ಬ್ಯಾಡ್ರಿ."

ಅವನ ಕೆನ್ನೆಯ ಮೇಲೆ ಅಂಗೈಯಗಲ ಹಸಿ ಮಣ್ಣು ಮೆತ್ತಿತ್ತು. ಒರೆಸಿಕೊಳ್ಳಲು ಅವನಿಗೆ ನೆನಪಾಗಲಿಲ್ಲ.

ಗೌಡರು ದಾಪುಗಾಲು ಹಾಕುತ್ತ ಮಠದ ಕಟ್ಟೆಗೆ ಹೋದರು.

"ಅಜ್ಜಾರ, ಆ ಹುಡುಗ ನಮ್ಮನ್ನ ಹೊಳ್ಳಿ ಮನಿಗೆ ಕಳಸಾಕತ್ತಾನ. ನೀವ ಒಂದು ಮಾತು ಹೇಳ್ರಿ. ಗೋಡಿ ಏರಸೂದೋ, ಬ್ಯಾಡೋ?"

ಅಜ್ಜ ಸೊಂಟದಿಂದ ಗುಂಡು ಬಿಚ್ಚಿ ಗೌಡರ ಕೈಯಲ್ಲಿಟ್ಟರು.

"ನನ್ನ ಯಾಕ ಕೇಳ್ತೀರಿ? ಹೋಗಿ ಇದನ್ನ ಮೇಸ್ತ್ರಿಗೆ ಕೊಟ್ಟು, ಅವನ್ನ ಕೇಳ್ರಿ."