ಕವುಚದ ಮಡಕೆ

“ಗುರುಗಳೇ, ಸತ್ತ ಮಗನನ್ನು ಮರೆತರೆ ತಾಯಿ ತಾಯಿಯಾಗಿ ಉಳಿಯುತ್ತಾಳೆಯೇ?”

ಕೇಳಿದವಳು ಮಠದಲ್ಲಿ ಉಳಿದುಕೊಂಡಿದ್ದ ಒಬ್ಬ ಶಿಷ್ಯೆ. ಅವಳ ಮಗ ನಂಜುಂಡ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಅವಳು ಮಠಕ್ಕೆ ಬಂದ ದಿನ ಗುರುಗಳು, “ಮನೆಯಲ್ಲಿ ಇನ್ನು ಯಾರಿದ್ದಾರೆ, ತಾಯಿ?” ಎಂದು ವಿಚಾರಿಸಿದ್ದರು. “ಒಬ್ಬಳು ಮಗಳಿದ್ದಾಳೆ. ನಾದಿನಿಯ ಮನೆಯಲ್ಲಿ ಬಿಟ್ಟು ಬಂದಿದ್ದೇನೆ” ಎಂದಿದ್ದಳು. ಆ ಮಾತು ಅಲ್ಲಿಗೇ ನಿಂತಿತ್ತು.

ನಂಜುಂಡನ ಮಾತು ನಿಂತಿರಲಿಲ್ಲ. ಅವನು ಮೊಸರನ್ನಕ್ಕೆ ಬೆಲ್ಲ ಕೇಳುತ್ತಿದ್ದುದು, ಎಡಗಾಲಿನ ಚಪ್ಪಲಿಯನ್ನೇ ಮೊದಲು ಸವೆಸುತ್ತಿದ್ದುದು ಮಠದ ಎಲ್ಲರಿಗೂ ಗೊತ್ತಿತ್ತು. ಅಡುಗೆಯವರು ಮೊಸರು ಬಡಿಸುವಾಗ, “ಬೆಲ್ಲ ಹಾಕಲೇನಮ್ಮ, ನಿಮ್ಮ ನಂಜುಂಡನ ಪಾಲಿಗೆ?” ಎನ್ನುತ್ತಿದ್ದರು. ಅವರು ಅವಳನ್ನು ನಗಿಸಲೆಂದು ಹಾಗೆ ಹೇಳುತ್ತಿದ್ದರು. ಅವಳು ಬೆಲ್ಲ ಹಾಕಿಸಿಕೊಂಡು, ಎಲೆಯ ಅಂಚಿನಲ್ಲಿ ಹಾಗೆಯೇ ಬಿಟ್ಟು ಏಳುತ್ತಿದ್ದಳು.

ಆ ದಿನ ಬೆಳಿಗ್ಗೆ ಎದ್ದಾಗ ಅವಳಿಗೆ ಮಗನ ನೆನಪು ಮೊದಲು ಬಂದಿರಲಿಲ್ಲ. ಒಳ್ಳೆಯ ಬಿಸಿಲಿದೆ, ಸೀರೆ ಒಗೆದು ಹಾಕಬೇಕು ಎಂಬ ಯೋಚನೆ ಬಂದಿತ್ತು. ಬಾವಿಯ ಹತ್ತಿರ ಹೋದ ಮೇಲೆ ಮಗ ನೆನಪಾದ. ಅವಳಿಗೆ ಭಯವಾಯಿತು. ಒಗೆಯುವುದನ್ನು ಬಿಟ್ಟು ಗುರುಗಳ ಬಳಿ ಬಂದು ಕೇಳಿದ್ದಳು.

ಗುರುಗಳು ಅವಳಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಸಮುದ್ರದ ದಡದಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಇರಲಿಲ್ಲ. ಒಬ್ಬ ಮಗ, ಒಬ್ಬಳು ಮಗಳು. ಮಗನಿಗೆ ಮೀಸೆ ಮೂಡುವ ವಯಸ್ಸು. ಊರಿನವರ ದೋಣಿಯಲ್ಲಿ ಬಲೆಗೆ ಹೋಗುತ್ತಿದ್ದ. ಮಗಳು ಅಂಗಳದಲ್ಲಿ ಚಿಪ್ಪು ಜೋಡಿಸಿ ಆಡುವವಳು. ಹೆಂಗಸು ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದಳು.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಮನೆಯವರು ಯಾರಾದರೂ ಸಮುದ್ರದಲ್ಲಿರುವಾಗ ಆ ಮನೆಯಲ್ಲಿ ಮಡಕೆಯನ್ನು ಕವುಚಿ ಇಡುವಂತಿಲ್ಲ. ಮಡಕೆ ಕವುಚಿದರೆ ದೋಣಿಯೂ ಕವುಚುತ್ತದೆ ಎಂಬ ಹೆದರಿಕೆ. ತೊಳೆದ ಮಡಕೆಯನ್ನೂ ಬಾಯಿ ಮೇಲೆ ಮಾಡಿಯೇ ಇಡಬೇಕು. ದೋಣಿ ದಡ ಮುಟ್ಟಿದ ಮೇಲೆ ಹೆಂಗಸರು ಒಳಗೆ ಹೋಗಿ ಮಡಕೆ ಕವುಚುತ್ತಿದ್ದರು. ಮಡಕೆ ಕವುಚಿದೆ ಎಂದರೆ ಎಲ್ಲರೂ ಮನೆ ಸೇರಿದ್ದಾರೆ ಎಂದು ಅರ್ಥ.

ಇನ್ನೊಂದು ಸಂದರ್ಭದಲ್ಲೂ ಕವುಚುವುದಿತ್ತು. ಹೋದವನು ಸಮುದ್ರದಲ್ಲೇ ತೀರಿಕೊಂಡು ಹೆಣವೂ ಸಿಗದಿದ್ದರೆ, ಅವನಿಗೆ ಕಡೆಯ ಸಲ ಅನ್ನ ಬೇಯಿಸಿದ ಮಡಕೆಯನ್ನು ತಾಯಿ ಹೊಸ್ತಿಲ ಮೇಲೆ ತನ್ನ ಕೈಯಾರೆ ಕವುಚಬೇಕು. ಆಮೇಲೆಯೇ ಉಳಿದ ಕ್ರಿಯೆಗಳು. ತಾಯಿ ಬದುಕಿರುವಾಗ ಬೇರೆಯವರು ಆ ಮಡಕೆಯನ್ನು ಕವುಚುವಂತಿಲ್ಲ.

ಒಂದು ದಿನ ದೋಣಿ ಮಗುಚಿತು. ಜೊತೆಗಿದ್ದವರು ಹಲಗೆ ಹಿಡಿದು ದಡ ಸೇರಿದರು. ಹೆಂಗಸಿನ ಮಗ ಸೇರಲಿಲ್ಲ. ಊರಿನ ಗಂಡಸರು ಸಾಕಷ್ಟು ಹುಡುಕಿದರು. ಸಮುದ್ರ ಅವನ ತಲೆಗೆ ಸುತ್ತಿದ ಬಟ್ಟೆಯನ್ನೂ ಕೊಡಲಿಲ್ಲ.

ಹುಡುಕುವುದು ನಿಂತ ಮೇಲೆ ಊರಿನ ಹಿರಿಯ ಅವಳ ಮನೆಗೆ ಬಂದ. ಜಗಲಿಯಲ್ಲಿ ಕುಳಿತು, “ತಂಗಿ, ಮಡಕೆ ಕವುಚು. ಹುಡುಗನನ್ನು ಕಳಿಸಿಕೊಡೋಣ” ಎಂದ.

“ಎಲ್ಲಿಗೆ ಕಳಿಸುತ್ತೀರಿ, ಅಣ್ಣ? ಅವನು ಬಲೆಗೆ ಹೋಗಿದ್ದಾನೆ.”

“ಬರುವವನಾಗಿದ್ದರೆ ಇಷ್ಟರಲ್ಲಿ ಬರುತ್ತಿದ್ದ.”

“ನಿಮ್ಮ ಮಗ ತಡವಾಗಿ ಬಂದ ದಿನ ಅತ್ತಿಗೆ ಮಡಕೆ ಕವುಚಿದರೇನು?”

ಹಿರಿಯ ಎದ್ದು ಹೋದ. ಮತ್ತೆ ಯಾರೂ ಕೇಳಲಿಲ್ಲ.

ಅಂದಿನಿಂದ ಆ ಮನೆಯ ಮಡಕೆಗಳೆಲ್ಲ ಬಾಯಿ ತೆರೆದುಕೊಂಡೇ ಇದ್ದವು. ತೊಳೆದ ನೀರು ತಳದಲ್ಲಿ ನಿಲ್ಲುತ್ತಿತ್ತು. ಹಲ್ಲಿ ಬೀಳುತ್ತಿತ್ತು. ಬಗ್ಗಿಸಿ ಚೆಲ್ಲಲು ಹೋದರೆ ಅಮ್ಮ ಗದರುತ್ತಿದ್ದಳು. ಹುಡುಗಿ ತೆಂಗಿನ ಚಿಪ್ಪಿನಲ್ಲಿ ನೀರು ತೋಡಿ, ಒಳಗೆ ಕೈ ಹಾಕಿ ಬಟ್ಟೆಯಿಂದ ಒರೆಸುತ್ತಿದ್ದಳು. ದಿನವೂ ಅದು ಅವಳ ಕೆಲಸವಾಯಿತು.

ಸಂಜೆ ಅನ್ನವಾದ ಕೂಡಲೇ ತಾಯಿ ಮಗನ ಬಟ್ಟಲಿಗೆ ಮೊದಲು ಬಡಿಸುತ್ತಿದ್ದಳು. ಮೀನಿನ ನಡುತುಂಡು ಅವನಿಗೆ. ಆಮೇಲೆ ಮಗಳಿಗೆ. ಬೆಳಗಾದ ಮೇಲೆ ತಣ್ಣಗಾದ ಬಟ್ಟಲನ್ನು ಹಿಡಿದು ಸಮುದ್ರಕ್ಕೆ ಹೋಗಿ, ಅಲೆ ಬಡಿಯುವ ಬಂಡೆಯ ಮೇಲೆ ನಿಂತು, ಅನ್ನವನ್ನು ನೀರಿಗೆ ಸುರಿಯುತ್ತಿದ್ದಳು. ಸುರಿಯುವಾಗ ಅವಳ ಕಣ್ಣು ನೀರೂ ಆಕಾಶವೂ ಕೂಡುವಲ್ಲಿ ಇರುತ್ತಿತ್ತು. ಕೈ ತನ್ನಷ್ಟಕ್ಕೆ ಬಟ್ಟಲನ್ನು ಬಗ್ಗಿಸುತ್ತಿತ್ತು. ಹುಡುಗಿ ಹಿಂದಿನಿಂದ ಓಡಿ ಬರುತ್ತಿದ್ದಳು. ಮೊದಮೊದಲು ‘ನಿಲ್ಲಮ್ಮ’ ಎಂದು ಕೂಗುತ್ತಿದ್ದಳು. ಆಮೇಲೆ ಕೂಗುವುದನ್ನು ಬಿಟ್ಟಳು.

ಊರಿನ ಹೆಂಗಸರು ಅವಳನ್ನು ಹೊಗಳಿದರು. ತಾಯಿ ಎಂದರೆ ಹೀಗಿರಬೇಕು ಎಂದರು. ಚಿಪ್ಪು ಹೆಕ್ಕಿ ಮಾರುವ ಒಬ್ಬ ಮುದುಕಿ ಮಾತ್ರ ದಾರಿಯಲ್ಲಿ ಅಡ್ಡ ನಿಂತು, “ಇಲ್ಲದವನಿಗೆ ನಡುತುಂಡು, ಇದ್ದವಳಿಗೆ ಬಾಲ. ಚೆನ್ನಾಗಿ ಬಡಿಸುತ್ತೀಯೇ, ಮಾರಾಯ್ತಿ” ಎಂದಳು. ಹೆಂಗಸು ಆ ಮುದುಕಿಯ ಜೊತೆ ಮಾತು ಬಿಟ್ಟಳು.

ಕಾಲ ಕಳೆಯಿತು. ಹುಡುಗಿಯ ಲಂಗ ಮೊಣಕಾಲಿಗೆ ಏರಿತು. ಅದನ್ನು ಕಂಡು ಪಕ್ಕದ ಮನೆಯವಳು ಅಂಚಿಗೆ ಬೇರೆ ಬಣ್ಣದ ಬಟ್ಟೆ ಸೇರಿಸಿ ಹೊಲಿದುಕೊಟ್ಟಳು. ಲಂಗಕ್ಕೆ ಹೊಸ ಅಂಚು ಬಂದದ್ದು ತಾಯಿಯ ಕಣ್ಣಿಗೆ ಬೀಳಲಿಲ್ಲ.

ಒಂದು ಸಂಜೆ ತಾಯಿ ಮಗನ ಬಟ್ಟಲಿಗೆ ಬಡಿಸುತ್ತಿದ್ದಾಗ ಹುಡುಗಿ ಕೇಳಿದಳು, “ಅಮ್ಮ, ನಾನು ಸಮುದ್ರಕ್ಕೆ ಹೋದರೆ ನನಗೂ ಮೊದಲು ಬಡಿಸುತ್ತೀಯಾ?”

“ದೀಪ ಹಚ್ಚುವ ಹೊತ್ತಿನಲ್ಲಿ ಅಂಥ ಮಾತಾಡಬೇಡ. ತಿನ್ನು” ಎಂದಳು ತಾಯಿ. ತಲೆ ಎತ್ತಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಬಟ್ಟಲು ಹಿಡಿದು ಹೊರಟಳು. ಹಿಂದೆ ಓಡಿ ಬರುವ ಹೆಜ್ಜೆ ಸಪ್ಪಳ ಇರಲಿಲ್ಲ. ಅದು ಅವಳಿಗೆ ಗೊತ್ತಾಗಲಿಲ್ಲ. ಬಂಡೆ ಏರಿದಳು. ದೂರಕ್ಕೆ ನೋಡಿದಳು. ಬಟ್ಟಲನ್ನು ಬಗ್ಗಿಸಿದಳು.

“ನಿನ್ನ ಕಾಲ ಬುಡದಲ್ಲಿ ನೋಡೇ” ಎಂದು ಮುದುಕಿ ದಡದಿಂದ ಕೂಗಿದಳು.

ಹೆಂಗಸು ಕೆಳಗೆ ನೋಡಿದಳು. ಬಂಡೆಯ ಬುಡದಲ್ಲಿ, ಎದೆಮಟ್ಟದ ನೀರಿನಲ್ಲಿ ಮಗಳು ನಿಂತಿದ್ದಳು. ತನ್ನ ತಟ್ಟೆಯನ್ನು ಎರಡು ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಅಣ್ಣನ ಅನ್ನ ಆ ತಟ್ಟೆಗೆ ಬೀಳುತ್ತಿತ್ತು. ಅಷ್ಟರಲ್ಲಿ ಅಲೆ ಬಂತು.

ಮುದುಕಿ ನೀರಿಗೆ ಇಳಿದು ಹುಡುಗಿಯ ಜುಟ್ಟು ಹಿಡಿದು ಎಳೆದಳು. ತಟ್ಟೆ ಹೋಯಿತು. ಹುಡುಗಿ ದಡಕ್ಕೆ ಬಂದಳು. ಹೊಟ್ಟೆಯಲ್ಲಿದ್ದ ನೀರು ಹೋದ ಮೇಲೂ ಅವಳ ನಡುಕ ನಿಲ್ಲಲಿಲ್ಲ.

ತಾಯಿ ಅವಳನ್ನು ಎತ್ತಿಕೊಂಡು ಮನೆಗೆ ನಡೆದಳು. ಮಗಳು ಭಾರವಾಗಿದ್ದಳು. ಇಷ್ಟು ಭಾರ ಯಾವಾಗ ಆದಳೆಂದು ತಾಯಿಗೆ ತಿಳಿಯಲಿಲ್ಲ. ದಾರಿಯಲ್ಲಿ ಲಂಗದ ಅಂಚು ಅವಳ ಕೈಗೆ ತಾಗಿತು. ಆ ಬಟ್ಟೆ ಅವಳ ಮನೆಯದಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹುಡುಗಿಗೆ ಜ್ವರ ಏರಿತು. ತಾಯಿ ಅವಳನ್ನು ಹೊದೆಸಿ ಮಲಗಿಸಿದಳು. ಆಮೇಲೆ ಒಳಗೆ ಹೋಗಿ, ಮಗನಿಗೆ ಕಡೆಯ ಸಲ ಅನ್ನ ಬೇಯಿಸಿದ ಮಡಕೆಯನ್ನು ತಂದು ಹೊಸ್ತಿಲ ಮೇಲೆ ಕವುಚಿದಳು. ಅಳಲಿಲ್ಲ. ಯಾರನ್ನೂ ಕರೆಯಲಿಲ್ಲ. ಬೇರೆ ಮಡಕೆಯಲ್ಲಿ ಗಂಜಿ ಮಾಡಿ ಮಗಳಿಗೆ ಮೊದಲು ಬಡಿಸಿದಳು. ಮೀನಿನ ನಡುತುಂಡನ್ನು ಮುಳ್ಳು ಬಿಡಿಸಿ ಇಟ್ಟಳು.

ಹುಡುಗಿ ಕೈ ಚಾಚಲಿಲ್ಲ. “ಅಣ್ಣನಿಗೆ ಬಡಿಸಿಲ್ಲ” ಎಂದಳು.

“ಅಣ್ಣ ಬರುವುದಿಲ್ಲ, ಮಗಳೇ.”

ಆ ಮಾತನ್ನು ಅವಳು ಮೊದಲ ಸಲ ಆಡಿದ್ದಳು. ಹುಡುಗಿ ಗೋಡೆಯ ಕಡೆ ಹೊರಳಿ ಮಲಗಿದಳು. ತಾಯಿ ಪಕ್ಕದಲ್ಲೇ ಕುಳಿತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಕುಳಿತಲ್ಲೇ ಯಾವಾಗಲೋ ನಿದ್ದೆ ಹತ್ತಿತು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಚಾಪೆ ಖಾಲಿಯಾಗಿತ್ತು. ಹುಡುಗಿ ಹೊಸ್ತಿಲ ಬಳಿ ಬರಿ ನೆಲದ ಮೇಲೆ ಬಿದ್ದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಅವಳ ಪಕ್ಕದಲ್ಲಿ ಮಡಕೆ ಬಾಯಿ ಮೇಲಾಗಿ ನಿಂತಿತ್ತು. ಅದರ ಒಳಗನ್ನು ಬಟ್ಟೆಯಿಂದ ಒರೆಸಿಯೂ ಆಗಿತ್ತು.

ತಾಯಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ಯಾಕೆ ಎತ್ತಿಟ್ಟೆ?” ಎಂದು ಕೇಳಿದಳು.

“ಅಣ್ಣ ಬರಲಿ, ಅಮ್ಮ” ಎಂದಳು ಹುಡುಗಿ. “ಅವನು ಬಂದರೆ ಆಮೇಲೆ ನೀನು ನನ್ನನ್ನು ನೋಡುತ್ತೀಯ.”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಕಾದಳು. ಬಾವಿಕಟ್ಟೆಯ ಮೇಲೆ ಅವಳು ಬಿಟ್ಟು ಬಂದ ಸೀರೆ ಒದ್ದೆಯಾಗಿಯೇ ಇತ್ತು. ಅಡುಗೆಮನೆಯಲ್ಲಿ ಯಾರೋ ಕಾಯಿ ತುರಿಯುತ್ತಿದ್ದರು. ಗುರುಗಳು ಮುಂದೆ ಹೇಳುವಂತೆ ಕಾಣಲಿಲ್ಲ. ಕತೆ ಕೇಳುವ ಮೊದಲು ತಾನು ಕೇಳಿದ ಪ್ರಶ್ನೆ ಅವಳಿಗೆ ಈಗ ನೆನಪಿರಲಿಲ್ಲ. ಬೇರೆ ಪ್ರಶ್ನೆ ಬಾಯಿಗೆ ಬಂತು.

“ಆ ಹುಡುಗಿ ಉಳಿದಳೇ, ಗುರುಗಳೇ?”

ಗುರುಗಳು ಅವಳನ್ನೇ ನೋಡುತ್ತ ಕೇಳಿದರು, “ನಿನ್ನ ಮಗಳ ಹೆಸರೇನು, ತಾಯಿ?”