ನೀಲಿ ಬಂದೂಕು

"ಅಜ್ಜಾರ, ನನ್ನ ಬಾಜೂಕ ಯಾಕ ಯಾರೂ ಕುಂದರೂದಿಲ್ಲ?" ಎಂದು ಗಿರಿಮಲ್ಲ ಗುರುಗಳನ್ನು ಕೇಳಿದ.

ಮಠದ ಪಡಸಾಲೆ. ದಾಸೋಹಕ್ಕೆ ಶೇಂಗಾ ಸುಲಿಯುವ ಹೊತ್ತು. ಚಾಪೆಯ ಮೇಲೆ ಎರಡು ರಾಶಿ ಉಳಿದಿದ್ದವು. ಒಂದು ಗುರುಗಳ ಮುಂದೆ, ಒಂದು ಶಿಷ್ಯನ ಮುಂದೆ. ಮೊದಲು ಅಲ್ಲಿ ಇನ್ನೂ ಐದು ಮಂದಿ ಇದ್ದರು. ಗಿರಿಮಲ್ಲ ಬಂದು ಕುಳಿತ ಮೇಲೆ ಒಬ್ಬೊಬ್ಬರೇ ನೀರು ಕುಡಿಯುವ ನೆವ ಹೇಳಿ ಎದ್ದರು. ಹೋದವರು ತಿರುಗಿ ಬರಲಿಲ್ಲ. ಬಾವಿಯ ಕಡೆಯಿಂದ ಅವರ ನಗು ಕೇಳುತ್ತಿತ್ತು.

"ನಾ ಕಸಬರಿಗಿ ಹಿಡದ್ರ ಅಂಗಳ ಕನ್ನಡಿ ಆಕ್ಕೈತಿ. ಪುರಾಣ ಓದಾಕ ಕುಂತ್ರ ಒಂದಕ್ಷರ ಜಾರೂದಿಲ್ಲ. ಇವರು ಮೂವತ್ತು ರೊಟ್ಟಿ ತಟ್ಟೂದ್ರಾಗ ನಾ ನೂರು ತಟ್ಟತೀನಿ. ಯಾರಿಗೂ ಕೆಟ್ಟದ್ದು ಮಾಡಿಲ್ಲ, ಎಲ್ಲಾರ ಕೆಲಸಕ್ಕೂ ಕೈ ಹಚ್ಚೇನಿ. ಆದ್ರೂ ನಾ ಹೋಗಿ ಕುಂತಲ್ಲಿ ಚಾಪಿ ಖಾಲಿ. ಯಾಕ್ರೀ?"

ಗುರುಗಳು ಒಂದು ಕಾಯಿ ಒಡೆದರು. ಅವರ ಬೆರಳು ಮುದಿಯಾಗಿದ್ದವು. ಒಂದು ಕಾಯಿಗೆ ಅವರಿಗೆ ಬೇಕಾಗುವ ಹೊತ್ತಿನಲ್ಲಿ ಗಿರಿಮಲ್ಲ ಆರು ಒಡೆಯುತ್ತಿದ್ದ.

"ಕೇಳು," ಎಂದರು ಗುರುಗಳು. ಕತೆ ಹೀಗೆ ಶುರುವಾಯಿತು.

ಒಬ್ಬ ಕವಣೆಗಾರನಿದ್ದ. ಜೋಳದ ಹೊಲ ಕಾಯುವ ಮನೆತನ ಅವನದು. ಅಟ್ಟದ ಮೇಲೆ ನಿಂತು ಅವನು ಕವಣೆ ಬೀಸಿದರೆ ಎರಡು ಹೊಲದಾಚೆ ಕುಳಿತ ಗಿಳಿಯ ಕಿವಿಗೆ ಗಾಳಿ ಬಡಿಯುತ್ತಿತ್ತು, ತೆನೆಗೆ ಕಲ್ಲು ತಾಗುತ್ತಿರಲಿಲ್ಲ. ಕಾಳೂ ಉಳಿಯಿತು, ಹಕ್ಕಿಯೂ ಉಳಿಯಿತು. ಅದಕ್ಕೆ ಕೈ ಅನ್ನಬೇಕು. ಉಳಿದವರದ್ದು ಬರೀ ತೋಳು.

ಆಮೇಲೆ ಅವನು ಹೆಂಡತಿ, ಮಗಳ ಜೊತೆ ಪೇಟೆಗೆ ಬಂದ. ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತ. ತಲೆ, ಹುಬ್ಬು, ಮೀಸೆ ಎಲ್ಲ ಹಿಟ್ಟು. ಪೇಟೆಯಲ್ಲಿ ಕವಣೆ ಬೀಸಲು ಹೊಲವಿಲ್ಲ. ಬೀಸಿದರೂ ನೋಡಿ ಭಲೇ ಅನ್ನುವವರಿಲ್ಲ.

ಬಸ್ ನಿಲ್ದಾಣದ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅಲ್ಲಿ ಆಳೆತ್ತರದ ಒಂದು ಯಂತ್ರ. ಯಂತ್ರಕ್ಕೆ ಎರಡು ಬಂದೂಕು ಕಟ್ಟಿದ್ದರು, ಒಂದು ಕೆಂಪು, ಒಂದು ನೀಲಿ. ಇಬ್ಬರು ಜೊತೆಗೂಡಿ ಆಡುವ ಆಟ ಅದು. ತೆರೆಯ ಮೇಲೆ ಒಂದು ಹೊಳೆ. ಹೊಳೆಯಲ್ಲಿ ಕೆಂಪು ದೋಣಿ, ನೀಲಿ ದೋಣಿ. ದಡದ ಮರಗಳಿಂದ ಹೊಗೆಯ ಬಾವಲಿಗಳು ಎರಗುತ್ತವೆ. ಗುರಿ ತಾಗಿದರೆ ಬಾವಲಿ ಪುಸ್ಸೆಂದು ಕರಗುತ್ತದೆ. ತಪ್ಪಿದರೆ ದೋಣಿಯಲ್ಲಿರುವವರ ಮೂರು ಜೀವದಲ್ಲಿ ಒಂದು ಹೋಗುತ್ತದೆ. ಹೊಳೆಯ ಕೊನೆಗೆ ಕೋಟೆ. ಕೋಟೆಯ ಬಾಗಿಲಿಗೆ ಎರಡು ಬೀಗ. ಎಡಗಡೆಯದು ಕೆಂಪು ಬಂದೂಕಿಗೆ, ಬಲಗಡೆಯದು ನೀಲಿ ಬಂದೂಕಿಗೆ. ಎರಡೂ ಒಡೆದರೆ ಮಾತ್ರ ಬಾಗಿಲು ತೆರೆಯುತ್ತದೆ.

ಕವಣೆಗಾರ ಬಂದೂಕು ಹಿಡಿದ. ಒಂದೇ ವಾರದಲ್ಲಿ ಪೇಟೆಯ ಹುಡುಗರು ಹಿಂದೆ ನಿಂತು ಸಿಳ್ಳೆ ಹಾಕಿದರು. ಯಾವ ಮರದ ಯಾವ ಟೊಂಗೆಯಿಂದ ಯಾವ ಬಾವಲಿ ಹೊರಡುತ್ತದೆ ಎಂಬುದು ಅವನಿಗೆ ಬಾಯಿಪಾಠವಾಯಿತು. ಅದು ರೆಕ್ಕೆ ಬಿಚ್ಚುವ ಮೊದಲೇ ಹೊಡೆಯುತ್ತಿದ್ದ.

ಆದರೆ ನೀಲಿ ಬಂದೂಕು ಹಿಡಿದವರು ಯಾರೂ ಎರಡನೇ ಸಲ ಬರಲಿಲ್ಲ. ಗಿರಣಿಯ ಗೆಳೆಯ ಒಂದು ಸಲ ಆಡಿ ಬಿಟ್ಟ. ಚಹದಂಗಡಿಯವನು ಅರ್ಧಕ್ಕೇ ಬಿಟ್ಟ. ಬಸ್ಸಿನ ಕಂಡಕ್ಟರ್ ಒಬ್ಬ ಹೊಳೆಯ ಮೊದಲ ತಿರುವಿನಲ್ಲೇ ಬಂದೂಕು ಇಟ್ಟುಬಿಟ್ಟ.

"ಲೇ ಮಾರಾಯ, ನನ್ನ ಕಡೆ ಬಂದ ಬಾವಲಿನೂ ನೀನ ಹೊಡೀತಿ. ನಾ ಏನ್ ಇಲ್ಲಿ ಟಿಕೆಟ್ ಹರೀಲಿ?"

"ನಿನ್ನ ಜೀವಾ ಉಳಿಸಿದ್ನಲ್ಲೋ!" ಎಂದ ಕವಣೆಗಾರ.

"ಜೀವಾ ಉಳೀತು ಖರೆ. ಆಟ ಹೋತು."

ಕವಣೆಗಾರ ನಕ್ಕ. ಕೈಲಾಗದವರ ಮಾತು ಎಂದುಕೊಂಡ. ಅಂದಿನಿಂದ ಒಬ್ಬನೇ ಆಡಿದ. ಹೊಳೆಯಲ್ಲಿ ಒಂದೇ ದೋಣಿ ಹೋಗುತ್ತಿತ್ತು. ಕೋಟೆ ಮುಟ್ಟುತ್ತಿತ್ತು. ಒಂದು ಬೀಗ ಒಡೆದು, ಇನ್ನೊಂದನ್ನು ನೋಡುತ್ತ ನಿಲ್ಲುತ್ತಿತ್ತು. ಆಟ ಮುಗಿದಾಗ ತೆರೆಯ ಮೇಲೆ ಹೆಚ್ಚು ಅಂಕ ಗಳಿಸಿದವರ ಪಟ್ಟಿ ಬರುತ್ತಿತ್ತು. ಪಟ್ಟಿಯಲ್ಲಿ ಹತ್ತು ಹೆಸರು. ಹತ್ತೂ ಅವನದೇ. ಮೊದಮೊದಲು ಅದನ್ನು ಎದೆಯುಬ್ಬಿಸಿ ಓದುತ್ತಿದ್ದ. ಬರಬರುತ್ತ ಓದಲು ಅವನೊಬ್ಬನೇ ಉಳಿದ. ಹುಡುಗರು ಬೇರೆ ಯಂತ್ರಗಳ ಕಡೆ ಹೋಗಿದ್ದರು.

ಎರಡು ಕೈಯಲ್ಲಿ ಎರಡು ಬಂದೂಕು ಹಿಡಿಯಬಹುದೆಂದು ಅವನಿಗೆ ಹೊಳೆಯದೆ ಇರಲಿಲ್ಲ. ಹಿಡಿಯಲಿಲ್ಲ. ಬಾಗಿಲು ತೆರೆಯುವಾಗ ಪಕ್ಕದಲ್ಲಿ ಒಬ್ಬರು ಇರಬೇಕು, ಇಬ್ಬರೂ ಒಟ್ಟಿಗೆ ಹೋ ಎನ್ನಬೇಕು. ಅವನಿಗೆ ಬೇಕಾದದ್ದು ಅದು.

ಹಾಗಾಗಿ ಅವನು ಮಗಳನ್ನು ಕರೆತಂದ. ಅವಳಿಗೆ ಆರು ವರ್ಷ. ಗುಬ್ಬಿ ಎಂದು ಕರೆಯುತ್ತಿದ್ದ. ಭಾನುವಾರ ತಾಯಿ ಸಂತೆಗೆ ಹೋದರೆ ಮಗಳು ಅಪ್ಪನ ಪಾಲಿಗೆ. ಅವಳಿಗೆ ತೆರೆ ಎಟುಕುವುದಿಲ್ಲವೆಂದು ಹಾಲಿನ ಕ್ರೇಟು ಬೋರಲು ಹಾಕಿ ಮೇಲೆ ನಿಲ್ಲಿಸಿದ. ನೀಲಿ ಬಂದೂಕು ಅವಳಿಗೆ ಭಾರ. ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮೊಳಕೈ ಮೇಲೆ ಊರಿಕೊಂಡಳು.

"ಬಾವಲಿ ಬಂತಂದ್ರ ಇದನ್ನ ಒತ್ತು. ಅಂಜಬ್ಯಾಡ. ನಿನ್ನಪ್ಪ ಅದಾನ."

"ಕಚ್ಚತಾವನ?"

"ನಾ ಇರೂತನಾ ಒಂದೂ ನಿನ್ನ ಮುಟ್ಟೂದಿಲ್ಲ."

ಮುಟ್ಟಲಿಲ್ಲ. ಕೆಂಪು ದೋಣಿಯ ಬಾವಲಿಗಳನ್ನೂ ಅವನೇ ಹೊಡೆದ, ನೀಲಿ ದೋಣಿಯವನ್ನೂ ಅವನೇ ಹೊಡೆದ. ಮಗಳು ಕಣ್ಣು ಮುಚ್ಚಿ ಒತ್ತುತ್ತಿದ್ದಳು. ಕಣ್ಣು ಬಿಟ್ಟರೆ ಬಾವಲಿ ಇರುತ್ತಿರಲಿಲ್ಲ. "ನಾ ಹೊಡದ್ನಿ!" ಎಂದು ಕ್ರೇಟಿನ ಮೇಲೆ ಕುಣಿಯುತ್ತಿದ್ದಳು. ಅವನು ಹೌದೆನ್ನುತ್ತಿದ್ದ. ಮೂರು ಭಾನುವಾರ ಅವರಿಬ್ಬರೂ ಹೀಗೆ ಹೊಳೆಯಲ್ಲಿ ಹೋದರು. ಕೋಟೆ ಮುಟ್ಟುವ ಮೊದಲೇ ತಾಯಿ ಸಂತೆಯಿಂದ ಬರುವ ಹೊತ್ತಾಗುತ್ತಿತ್ತು. ಅಷ್ಟು ದಿನವಾದ ಮೇಲೆ ಪಕ್ಕದಲ್ಲೊಂದು ದೋಣಿ ಇತ್ತು. ಕವಣೆಗಾರನ ಕಾಲು ಮನೆಯವರೆಗೂ ನೆಲಕ್ಕೆ ಹತ್ತುತ್ತಿರಲಿಲ್ಲ.

ನಾಲ್ಕನೇ ಭಾನುವಾರದ ಹೊತ್ತಿಗೆ ಶಾಲೆಯಲ್ಲಿ ಅವಳಿಗೆ ಅಂಕಿ ಕಲಿಸಿದ್ದರು. ಆಟದ ನಡುವೆ ತೆರೆಯ ಮೂಲೆಗೆ ಬೆರಳು ತೋರಿಸಿದಳು.

"ಯಪ್ಪಾ, ನಿನ್ನ ದೋಣಿ ತೆಳಗ ಭಾಳ ಅಂಕಿ ಅದಾವು. ನನ್ನ ದೋಣಿ ತೆಳಗ ಒಂದ ಐತಿ. ಅದು ಸೊನ್ನಿ ಅಲ್ಲನು?"

"ಅದನ್ಯಾಕ ನೋಡ್ತಿ? ಮ್ಯಾಲ ನೋಡು. ನಿನ್ನ ಮೂರೂ ಜೀವಾ ಹಂಗ ಅದಾವು. ಒಂದು ಗೀರು ಬಿದ್ದಿಲ್ಲ."

ಅವಳು ಮೇಲೆ ನೋಡಲಿಲ್ಲ. ಸೊನ್ನೆಯನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚುವುದನ್ನು ಬಿಟ್ಟಳು. ಒತ್ತುವುದನ್ನೂ ಬಿಟ್ಟಳು. ಬಂದೂಕನ್ನು ಸುಮ್ಮನೆ ಎತ್ತಿ ಹಿಡಿದು ನಿಂತಳು. ಅವನಿಗೆ ಅದು ಕಾಣಲಿಲ್ಲ. ಅವನ ಕಣ್ಣು ಮರಗಳ ಮೇಲಿತ್ತು.

ಗುರುಗಳು ಇಲ್ಲಿ ಉಸಿರು ತೆಗೆದುಕೊಂಡರು. ಗಿರಿಮಲ್ಲನ ರಾಶಿ ಮುಗಿದಿತ್ತು. ಅವನ ಕೈ ಮಾತ್ರ ನಿಂತಿರಲಿಲ್ಲ. "ಆಮ್ಯಾಲ?" ಎಂದ.

ಆಮೇಲೆ ಕೋಟೆ ಬಂತು. ಕೋಟೆಯ ಮುಂದೆ ಒಂದು ಬಂಡೆ. ಎರಡು ದೋಣಿ ಬಂದರೆ ಹೊಳೆ ಅಲ್ಲಿ ಸೀಳಿ ಎರಡಾಗುತ್ತದೆ; ಒಬ್ಬನೇ ಆಡಿದ ಕವಣೆಗಾರ ಅದನ್ನು ಕಂಡಿರಲಿಲ್ಲ. ತೆರೆಯೂ ಎರಡಾಗುತ್ತದೆ. ಎಡಗಡೆ ಕೆಂಪು ಬಂದೂಕು ಮಾತ್ರ ನಡೆಯುತ್ತದೆ, ಬಲಗಡೆ ನೀಲಿಯದು ಮಾತ್ರ. ಕೆಂಪು ದೋಣಿ ಎಡಕ್ಕೆ ತಿರುಗಿತು. ನೀಲಿ ದೋಣಿ ಬಲಕ್ಕೆ ಹೋಯಿತು, ಒಂದೇ.

ಬಲಗಡೆ ಬಾವಲಿಗಳು ಎದ್ದವು. ಕವಣೆಗಾರ ಅತ್ತ ಹೊಡೆದ. ತಾಗಲಿಲ್ಲ. ಇನ್ನೊಮ್ಮೆ ಹೊಡೆದ. ಅವನ ಗುರಿ ಗಾಜಿಗೆ ಬಡಿದ ನೊಣದಂತೆ ನಡುವಿನ ಗೆರೆಯ ಮೇಲೇ ನಿಂತಿತು. ಪಕ್ಕಕ್ಕೆ ತಿರುಗಿ ನೋಡಿದ. ಮಗಳು ಬಂದೂಕು ಇಳಿಬಿಟ್ಟು ಎಡಗಡೆಯ ತೆರೆಯನ್ನು, ಅಪ್ಪನ ಆಟವನ್ನು, ನೋಡುತ್ತ ನಿಂತಿದ್ದಳು.

"ಗುಬ್ಬೀ, ಹೊಡೀ!"

"ಯಾವುದನ್ನ?"

ಅವನು ಬಾಯಿ ತೆರೆಯುವುದರೊಳಗೆ ಮೂರು ಜೀವವೂ ಹೋದವು. ನೀಲಿ ದೋಣಿ ಮುಳುಗಿತು. ತೆರೆಯ ಮೇಲೆ ಅಂಕಿ ಬಂತು. ಹತ್ತು, ಒಂಬತ್ತು. ಅದು ಸೊನ್ನೆಯಾಗುವುದರೊಳಗೆ ಮತ್ತೆ ಆಡಿದರೆ ಕೋಟೆಯ ಮುಂದಿನಿಂದಲೇ ಆಟ. ಇಲ್ಲದಿದ್ದರೆ ಹೊಳೆಯ ಬುಡದಿಂದ.

ಮಗಳು ಅವನ ಅಂಗಿ ಜಗ್ಗಿದಳು. "ಯಪ್ಪಾ, ಮೊದಲಿಂದ ಆಡೂಣು. ಈ ಸಲ ನೀ ಹೊಡೀಬ್ಯಾಡ. ನಾ ಹೊಡೀತೀನಿ. ನೀ ಸುಮ್ಕ ನಿಂತು ನೋಡು."

ಎಂಟು. ಏಳು. ಕವಣೆಗಾರ ಬಾಗಿಲು ನೋಡಿದ. ಇಷ್ಟು ಹತ್ತಿರ. ಇವಳ ಕೈಗೆ ಕೊಟ್ಟರೆ ಮೊದಲ ಮರದಲ್ಲೇ ಮೂರು ಜೀವ ಹೋಗುತ್ತವೆ. ಮತ್ತೆ ಇಲ್ಲಿಗೆ ಬರುವುದು ಯಾವ ಕಾಲಕ್ಕೆ?

"ಮುಂದಿನ ವಾರ ಹಂಗ ಆಡೂಣು, ಗುಬ್ಬಿ. ಈಗ ಬಾಗಲಾ ಇಲ್ಲೇ ಐತಿ ನೋಡು."

ಅವಳು ಅಳಲಿಲ್ಲ. ನೀಲಿ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟಳು.

"ಹಂಗಾರ ಎರಡೂ ನೀನ ಹಿಡಿ."

ಕ್ರೇಟಿನಿಂದ ಇಳಿದಳು. ಮೂರು. ಎರಡು. ಅವನು ಗುಂಡಿ ಒತ್ತಿದ. ಎಡಗೈಯಲ್ಲಿ ಕೆಂಪು, ಬಲಗೈಯಲ್ಲಿ ನೀಲಿ. ಎಂಥ ಆಟ ಅಂತೀ! ಒಂದು ಕಣ್ಣು ಒಂದು ದಡಕ್ಕೆ, ಇನ್ನೊಂದು ಇನ್ನೊಂದು ದಡಕ್ಕೆ. ಆ ಪೇಟೆಯಲ್ಲಿ ಹಿಂದೆ ಯಾರೂ ಹಾಗೆ ಆಡಿರಲಿಲ್ಲ. ಆಮೇಲೂ ಯಾರೂ ಆಡಲಿಲ್ಲ. ಎರಡು ಬೀಗವೂ ಒಟ್ಟಿಗೆ ಒಡೆದವು.

ಬಾಗಿಲು ತೆರೆಯಿತು. ಒಳಗೆ ಒಂದು ಸಣ್ಣ ಅಂಗಳ. ಕೆಂಪು ದೋಣಿಯಿಂದ ಒಬ್ಬ ಇಳಿದ, ನೀಲಿ ದೋಣಿಯಿಂದ ಒಬ್ಬ ಇಳಿದ. ಇಬ್ಬರೂ ಓಡಿಬಂದು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿದರು. ಅಷ್ಟೇ. ಅದರ ಕೆಳಗೆ ಯಂತ್ರ ಎರಡು ಹೆಸರು ಕೇಳಿತು.

ಮೊದಲ ಜಾಗದಲ್ಲಿ ಅವನು ತನ್ನ ಹೆಸರು ಹೊಡೆದ. ಎರಡನೆಯದಕ್ಕೆ ಮಗಳ ಹೆಸರು ಅವಳ ಕೈಯಿಂದಲೇ ಹೊಡೆಸೋಣವೆಂದು ತಿರುಗಿದ. ಹಾಲಿನ ಕ್ರೇಟು ಖಾಲಿ ಇತ್ತು.

ಅವಳು ಅಂಗಡಿಯ ಹೊಸ್ತಿಲಾಚೆ ಇದ್ದಳು. ಬಳೆ ಮಾರುವವಳ ಮಗಳೊಬ್ಬಳು ಅಲ್ಲಿ ಡಬ್ಬಿ ಇಟ್ಟು ಕಲ್ಲು ಎಸೆಯುತ್ತಿದ್ದಳು. ಗುಬ್ಬಿಯೂ ಎಸೆಯುತ್ತಿದ್ದಳು. ಒಂದು ತಪ್ಪಿತು. ಎರಡು ತಪ್ಪಿದವು. ಕವಣೆಗಾರನ ಕೈ ತಾನಾಗಿಯೇ ಮುಂದೆ ಬಂತು. ಮೊಳಕೈ ಹಾಗಲ್ಲ ಮಗಳೇ ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ಕಲ್ಲು ತಾಗಿತು, ಡಬ್ಬಿ ಉರುಳಿತು.

"ಬಿತ್ತು!" ಎಂದು ಕಿರುಚಿದಳು. ಆ ಹುಡುಗಿಯೂ ಕಿರುಚಿದಳು. ಇಬ್ಬರೂ ಕೈ ಹಿಡಿದು ಕುಣಿದರು. ನಾಲ್ಕು ಭಾನುವಾರದಲ್ಲಿ ಒಂದು ದಿನವೂ ಅವನು ಅಂಥ ಕೂಗು ಕೇಳಿರಲಿಲ್ಲ.

"ಗುಬ್ಬೀ, ಬಾರವ್ವಾ, ಬಾಗಲಾ ತೆರೀತು!"

ಅವಳು ಅಲ್ಲಿಂದಲೇ ಕೈ ಬೀಸಿದಳು. "ನೀ ಆಡು ಯಪ್ಪಾ. ನಾ ಇಲ್ಲಿ ಆಡಾಕತ್ತೀನಿ."

ಅವನು ತೆರೆಯ ಕಡೆ ತಿರುಗುವಾಗ ಹೊತ್ತು ಮುಗಿದಿತ್ತು. ಯಂತ್ರ ಅವನನ್ನು ಕಾಯಲಿಲ್ಲ. ಮುಂದಿನ ಭಾನುವಾರ ಅವನು ಕ್ರೇಟು ತಂದು ಬೋರಲು ಹಾಕಿ ನಿಂತ. ಮಗಳು ಬಳೆಯವಳ ಮಗಳ ಜೊತೆ ಹೋಗಿದ್ದಳು. ಆ ಯಂತ್ರದ ಪಟ್ಟಿಯಲ್ಲಿ ಈಗಲೂ ಮೊದಲ ಸಾಲಿನಲ್ಲಿ ಅವನ ಹೆಸರಿದೆ. ಅದರ ಪಕ್ಕದ ಜಾಗ ಖಾಲಿ ಇದೆ.

ಗುರುಗಳು ಕತೆ ನಿಲ್ಲಿಸಿದರು. ಬಾವಿಯ ಕಡೆ ಯಾರೋ ಮತ್ತೆ ನಕ್ಕರು.

ಗಿರಿಮಲ್ಲ ತಲೆ ಕೊಡವಿದ. "ಶುದ್ಧ ಹುಂಬ ಬಿಡ್ರೀ ಅವ. ಕೂಸಿನ ಕೈಯಾಗ ಬಂದೂಕು ಕೊಟ್ಟ, ಹೊಡಿಯಾಕ ಒಂದು ಬಾವಲಿ ಬಿಡಲಿಲ್ಲ. ಅಷ್ಟೂ ತಿಳೀಬಾರದ? ನಾ ಆಗಿದ್ರ ಮೊದಲ ದಿನಾನ ಬಂದೂಕು ಕೆಳಗಿಟ್ಟು, ಕೈ ಕಟ್ಟಿ ನಿಂದರತಿದ್ನಿ."

ಹೇಳುತ್ತಲೇ ಅವನು ಕೊನೆಯ ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿದ. ಅವನ ತೊಡೆಯ ತುಂಬ ಸಿಪ್ಪೆ ಇತ್ತು.

ಗುರುಗಳು ತಮ್ಮ ಮುಂದಿನ ಚಾಪೆಯ ಮೇಲೆ ಅಂಗೈ ಆಡಿಸಿದರು.

"ನನ್ನ ಮುಂದಿದ್ದ ಶೇಂಗಾ ಎಲ್ಲಿ ಹೋದುವೋ, ಗಿರಿಮಲ್ಲ?"

ಗಿರಿಮಲ್ಲ ತನ್ನ ತೊಡೆಯ ಮೇಲಿನ ಸಿಪ್ಪೆ ನೋಡಿದ.