ಮೊಸರುಗುಂಡು

ಕರೇಕಟ್ಟೆ ಊರಿನ ಹಿಂದಿರುವ ಮೊಸರುಗುಂಡನ್ನು ನೋಡಲು ಬಂದವರು ಮೊದಲು ಹುಡುಕುವುದು ಮೊಸರನ್ನೇ. ಅಲ್ಲಿರುವುದು ಆನೆಗಾತ್ರದ ಬಂಡೆ, ನಡುವೆ ಸೀಳು, ಸೀಳಿನೊಳಗೆ ಬೇರಿಳಿಸಿ ನಿಂತ ಗೋಣಿಮರ. ನೆತ್ತಿಯಲ್ಲಿ ಕೆತ್ತಿದ ಸೂರ್ಯಚಂದ್ರರು ಮಸುಕಾಗಿ ಉಳಿದಿದ್ದಾರೆ. ಅವರ ಕೆಳಗಿದ್ದ ಹೆಸರು ಎಲ್ಲಿ ಹೋಯಿತೆಂದು ಕೇಳಿದರೆ ಊರವರು ಸಣ್ಣೀರವ್ವನ ಕಥೆ ತೆಗೆಯುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನಾಳಿದ ಕಾಟಪ್ಪ ನಾಯಕನಿಗೆ ತನ್ನ ಹೆಸರು ಕಲ್ಲಿನಷ್ಟು ಕಾಲ ಬಾಳಬೇಕೆಂಬ ಆಸೆ ಹುಟ್ಟಿತಂತೆ. ಕಲ್ಲುಕುಟಿಗನೊಬ್ಬನಿಂದ ಬಂಡೆಯ ಮೇಲೆ ಹೆಸರು ಕೆತ್ತಿಸಿ, ಕೂಲಿಯಾಗಿ ಬುಡದ ಹೊಲವನ್ನು ಕೊಟ್ಟ. ಅಕ್ಷರ ಕಾಣುತ್ತಿರುವವರೆಗೆ ಹೊಲ ಅವನ ಮನೆತನಕ್ಕೆ, ಅಳಿದರೆ ಅರಮನೆಗೆ. ಅಷ್ಟಕ್ಕೇ ಬಿಟ್ಟಿದ್ದರೆ ಹೆಸರು ಉಳಿಯುತ್ತಿತ್ತೇನೋ. ದೇವರಿಗೆ ಸಲ್ಲುವುದು ತನ್ನ ಹೆಸರಿಗೂ ಸಲ್ಲಲಿ ಎಂದು ದಿನವೂ ಮೊಸರಿನ ಅಭಿಷೇಕಕ್ಕೆ ಅಪ್ಪಣೆ ಮಾಡಿದ. ಕುಟಿಗ ತೀರಿಕೊಂಡ ಮೇಲೆ ಆ ಕೆಲಸ ಅವನ ಹೆಂಡತಿ ಸಣ್ಣೀರವ್ವನ ಪಾಲಿಗೆ ಬಂತು. ಸುರಿಯುತ್ತ ಸುರಿಯುತ್ತ ಬಂಡೆಯನ್ನು ನೋಡುವುದೇ ಆಕೆಗೊಂದು ಹುಚ್ಚಾಯಿತು. ಮೊಸರು ನಿಂತ ಅಕ್ಷರಗಳಲ್ಲಿ ಮೊದಲು ಪಾಚಿ ಹಿಡಿಯಿತು. ಉಗುರಿನಿಂದ ಕೆರೆದರೆ ಕಲ್ಲಿನ ಪುಡಿಯೂ ಜೊತೆಗೆ ಬಂತು. ಬಿಸಿಲಿಗೆ ಕಾದ ಕಲ್ಲು ಮಳೆ ಬಿದ್ದೊಡನೆ ಚಿಟಿಲ್ಲೆಂದು ಸಿಪ್ಪೆ ಬಿಡುತ್ತಿತ್ತು. ಮೊಸರಿಗೆ ಇರುವೆ, ಇರುವೆಗೆ ಹಕ್ಕಿ, ಹಕ್ಕಿಯ ಹಿಕ್ಕೆಯಿಂದ ಒಂದು ಗೋಣಿ ಸಸಿ, ಅದೂ ನಾಯಕನ ಹೆಸರಿನ ನಟ್ಟನಡುವೆ! ಆಲದಂತೆ ಅದೂ ದೇವರ ಮರ, ಕಿತ್ತರೆ ಪಾಪ. ಸುರಿಯುವುದನ್ನು ನಿಲ್ಲಿಸಿದರೆ ಅಪ್ಪಣೆ ಮೀರಿದಂತೆ, ಸುರಿದರೆ ಅಕ್ಷರ ಸವೆದಂತೆ. ಒಂದೊಂದು ಗೆರೆ ಮಾಯವಾದಾಗಲೂ ಹೊಲದ ಒಂದು ಮೂಲೆ ಹೋದಂತೆ ಅನ್ನಿಸುತ್ತಿತ್ತು; ಆದರೂ ಕಣ್ಣು ಕೀಳಲಾಗುತ್ತಿರಲಿಲ್ಲ. "ಅಷ್ಟು ದೊಡ್ಡ ಕಲ್ಲು, ಈ ನೂಲಿನಂಥ ಬೇರಿಗೆ ದಾರಿ ಬಿಡ್ತಲ್ಲೇ!" ಎಂದು ನೆರೆಮನೆಯ ಗಿರಿಯಮ್ಮನಿಗೆ ತೋರಿಸಿದರೆ, "ಬೇರು ಆಮೇಲೆ ನೋಡೀಯಂತೆ, ಮಕ್ಕಳ ಅನ್ನ ನೋಡ್ಕೊಳ್ಳೇ ತಾಯಿ" ಎಂದಳಂತೆ.

ಸಸಿ ಮರವಾಯಿತು, ಸಣ್ಣೀರವ್ವನ ತಲೆ ನೆರೆಯಿತು, ಬಂಡೆ ಎರಡು ಹೋಳಾಯಿತು. ಮುದುಕನಾದ ನಾಯಕ ಪರಿವಾರ ಕಟ್ಟಿಕೊಂಡು ಬಂದು ನೋಡಿದರೆ ಹೆಸರೇ ಇಲ್ಲ. "ಯಾರೇ ಅಳಿಸಿದೋರು?" ಎಂದು ಗುಡುಗಿದ. "ನಿಮ್ಮ ಮೊಸರೇ, ಬುದ್ಧಿ. ಸುರಿ ಅಂದ್ರಿ, ಸುರಿದೆ. ಹೆಸರು ಅಳಿದುಹೋಯ್ತು ಅಂತ ತಾವೇ ಊರಿಗೆಲ್ಲ ಸಾರಿಬಿಡಿ, ಹೊಲ ಬಿಟ್ಟುಕೊಡ್ತೀನಿ" ಎಂದಳು ಸಣ್ಣೀರವ್ವ. ನಾಯಕ ಪರಿವಾರದ ಮುಖ ನೋಡಿದ, ಬಂಡೆ ನೋಡಿದ, ಗಂಟಲು ಸರಿಮಾಡಿಕೊಂಡ. "ಯಾರು ಹೇಳಿದ್ದು ಅಳಿದಿದೆ ಅಂತ? ನನಗೆ ಚೆನ್ನಾಗೇ ಕಾಣ್ತಿದೆ." ಕೂಡಲೇ ಪರಿವಾರಕ್ಕೂ ಕಾಣಿಸಿತು, ಓದು ಬಾರದವರೂ ಗಟ್ಟಿಯಾಗಿ ಓದಿದರು ಎನ್ನುತ್ತಾರೆ. ಊರವರು ಮಾತ್ರ ಅಂದಿನಿಂದ ಅದನ್ನು ಮೊಸರುಗುಂಡು ಎಂದೇ ಕರೆದರು.

ಬುಡದ ಹೊಲವನ್ನು ಇಂದಿಗೂ ಆಕೆಯ ವಂಶದವರೇ ಉಳುತ್ತಾರೆ. ಬಂದವರನ್ನು ಸೀಳಿನ ಬಳಿ ಕರೆದೊಯ್ದು, ಬೇರಿನ ಸಂದಿಯ ಬರಿಗಲ್ಲಿನ ಮೇಲೆ ಬೆರಳಾಡಿಸುತ್ತ, "ಕಾಟಪ್ಪ ನಾಯಕ ಅಂತ ಇದೆ ನೋಡಿ. ಕಾಣ್ತದಲ್ಲ?" ಎಂದು ಕೇಳುತ್ತಾರೆ. ಎದುರಿಗೆ ತೆನೆಗಟ್ಟಿದ ಸಜ್ಜೆ ಹೊಲ. ಕಾಣುವುದಿಲ್ಲ ಎಂದವರು ಈವರೆಗೆ ಯಾರೂ ಇಲ್ಲ.